ಖಾಲಿ ಎಂದುಕೊಂಡ ಚೇಂಬರಿನಲ್ಲಿ ರೌಂಡ್ ಉಳಿದಿತ್ತು: .22 ಟಾರ್ಗೆಟ್ ಪಿಸ್ತೂಲು ಬಳಸುವವರ ಗಮನಕ್ಕೆ

ಕಳೆದ ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ದಾವಣಗೆರೆಯ ಹೊರವಲಯದಲ್ಲಿ ನಾವು ಅಭ್ಯಾಸ ಮಾಡುವ ರೇಂಜಿನಲ್ಲಿ, ಖಾಲಿಯಾಗಿದೆ ಎಂದು ನಾನು ಪೂರ್ಣವಾಗಿ ನಂಬಿದ್ದ ಪಿಸ್ತೂಲಿನಿಂದ ಗುಂಡು ಹಾರಿತು. ಯಾರಿಗೂ ಏನೂ ಆಗಲಿಲ್ಲ. ನಳಿಗೆ ಗುರಿಯ ಕಡೆಗೇ ಇದ್ದುದರಿಂದ ಗುಂಡು ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಗಿ ಸೇರಿತು. ಆದರೆ ಟಾರ್ಗೆಟ್ ಹಾಳೆ ಬದಲಿಸಬೇಕಾಗಿದ್ದ ಹುಡುಗ ಆಗಲೇ ಕುರ್ಚಿಯಿಂದ ಎದ್ದು ನಿಂತಿದ್ದ. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಅವನು ಗೆರೆ ದಾಟಿ ಮುಂದೆ ಹೋಗಿರುತ್ತಿದ್ದ. ಅವನ ತಂದೆ ನನ್ನನ್ನು ನಂಬಿ ಅವನನ್ನು ಕಳುಹಿಸುತ್ತಾರೆ ಎಂಬುದು ನೆನಪಾಗಿ ಆ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಭಾಗದಲ್ಲಿ ಟಾರ್ಗೆಟ್ ಪಿಸ್ತೂಲುಗಳನ್ನು ಹೊಸದಾಗಿ ತರಿಸಿಕೊಳ್ಳುವವರು ಕಡಿಮೆ. ಹಿರಿಯ ಶೂಟರ್‌ಗಳು ಬಳಸಿ ಬಿಟ್ಟದ್ದು ಪರವಾನಗಿಯಲ್ಲಿ ನಮೂದಾಗಿ ಕೈಯಿಂದ ಕೈಗೆ ಬರುತ್ತದೆ. ನನಗೆ ಬಂದದ್ದೂ ಹಾಗೆಯೇ. ಕೊಳ್ಳುವ ಮುನ್ನ ನಾನು ಎರಡು ಡಬ್ಬಿ, ಅಂದರೆ ನೂರು ರೌಂಡ್ (ಹಿತ್ತಾಳೆಯ ಕೇಸಿನಲ್ಲಿ ಮದ್ದು ತುಂಬಿ, ತುದಿಗೆ ಗುಂಡು ಕೂರಿಸಿದ ತೋಟಾ), ಹಾರಿಸಿ ನೋಡಿದ್ದೆ. ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ, ಖಾಲಿ ಕೇಸ್‌ಗಳು ಒಂದರ ಹಿಂದೆ ಒಂದು ಬಲಗಡೆಗೆ ಚಿಮ್ಮಿ ಬಿದ್ದವು. ಎಕ್ಸ್‌ಟ್ರ್ಯಾಕ್ಟರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ರೌಂಡ್ ಕೂರುವ ಚೇಂಬರಿನಿಂದ ಕೇಸನ್ನು ಕೊಕ್ಕೆಯಿಂದ ಹಿಡಿದೆಳೆಯುವ ಭಾಗ, ಚೆನ್ನಾಗಿದೆ ಎಂದು ನಾನು ತೀರ್ಮಾನಿಸಿದ್ದು ಅಲ್ಲಿಯೇ, ಮತ್ತು ತಪ್ಪಿದ್ದೂ ಅಲ್ಲಿಯೇ.

ಈ ತಪ್ಪು ಅರ್ಥವಾಗಬೇಕಾದರೆ ಪಿಸ್ತೂಲು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. .22 ಲಾಂಗ್ ರೈಫಲ್ ರೌಂಡ್ ಹಾಕುವ ನಮ್ಮ ಅರೆಸ್ವಯಂಚಾಲಿತ ಟಾರ್ಗೆಟ್ ಪಿಸ್ತೂಲುಗಳಲ್ಲಿ ಬೋಲ್ಟನ್ನು (ಚೇಂಬರಿನ ಹಿಂಬದಿಯನ್ನು ಮುಚ್ಚುವ, ಹಿಂದೆ ಮುಂದೆ ಸರಿಯುವ ಭಾಗವನ್ನು) ಬಿಗಿದು ಹಿಡಿಯುವ ಬೀಗವಿರುವುದಿಲ್ಲ. ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡ ಗುಂಡನ್ನು ಮುಂದಕ್ಕೆ ತಳ್ಳುವಂತೆ ಖಾಲಿ ಕೇಸನ್ನು ಹಿಂದಕ್ಕೂ ತಳ್ಳುತ್ತದೆ. ಆ ಕೇಸೇ ಬೋಲ್ಟನ್ನು ಹಿಂದಕ್ಕೆ ಒಯ್ಯುತ್ತದೆ. ಹೀಗಾಗಿ ಗುಂಡು ಹಾರಿದಾಗ ಕೇಸನ್ನು ಎಳೆಯುವ ಕೆಲಸ ಎಕ್ಸ್‌ಟ್ರ್ಯಾಕ್ಟರಿಗೆ ಹೆಚ್ಚು ಕಡಿಮೆ ಇರುವುದೇ ಇಲ್ಲ. ಕೇಸನ್ನು ಹೊರಕ್ಕೆ ಚಿಮ್ಮಿಸುವ ಎಜೆಕ್ಟರಿಗೆ ಬಡಿದು ಹೊರಬೀಳುವವರೆಗೆ ಕೇಸನ್ನು ಬೋಲ್ಟಿನ ಮುಖಕ್ಕೆ ಒತ್ತಿ ಹಿಡಿದರೆ ಸಾಕು, ಮತ್ತು ಅದರ ಕೊಕ್ಕೆ ಸವೆದಿದ್ದರೂ ಬಹಳ ಸಲ ಕೇಸ್ ತಾನಾಗಿಯೇ ಹೊರಬರುತ್ತದೆ. ಎಕ್ಸ್‌ಟ್ರ್ಯಾಕ್ಟರಿನ ಮೇಲೆ ಪೂರ್ತಿ ಭಾರ ಬೀಳುವುದು ಒಂದೇ ಸಂದರ್ಭದಲ್ಲಿ: ಹಾರದೆ ಉಳಿದ ರೌಂಡನ್ನು ಕೈಯಿಂದ ಬೋಲ್ಟ್ ಎಳೆದು ಹೊರತೆಗೆಯುವಾಗ. ಸಾವಿರ ಗುಂಡು ಹಾರಿಸಿದರೂ ಕಾಣಿಸಿಕೊಳ್ಳದ ದೋಷ, ಅನ್‌ಲೋಡ್ ಮಾಡುವಾಗ, ಅಂದರೆ ನಾವು ಮೈಮರೆಯುವ ಹೊತ್ತಿನಲ್ಲಿ, ಕೈಕೊಡುತ್ತದೆ.

ಅದರ ಹಿಡಿತವೂ ಎಷ್ಟು ಸಣ್ಣದು ನೋಡಿ. ಈ ರೌಂಡಿನ ಬುಡದ ಅಂಚಿನ ವ್ಯಾಸ ಸುಮಾರು 7 ಮಿ.ಮೀ.; ಕೇಸಿನ ಮೈಯ ವ್ಯಾಸ ಸುಮಾರು 5.7 ಮಿ.ಮೀ. ಕೊಕ್ಕೆಗೆ ಸಿಗುವುದು ಒಂದು ಬದಿಗೆ ಮಿಲಿಮೀಟರಿನ ಮೂರನೆಯ ಎರಡು ಭಾಗದಷ್ಟೇ. ಅಷ್ಟರಲ್ಲಿ ಕೊಕ್ಕೆಯ ತುದಿ ಕೂದಲೆಳೆಯಷ್ಟು ಸವೆದರೂ ಅದು ಜಾರುತ್ತದೆ.

ನನಗೆ ಸೂಚನೆಗಳು ಸಿಕ್ಕಿರಲಿಲ್ಲ ಎಂದಲ್ಲ. ಜನವರಿಯಿಂದಲೇ, ಅಭ್ಯಾಸ ಮುಗಿಸಿ ಅನ್‌ಲೋಡ್ ಮಾಡುವಾಗ ಒಂದೆರಡು ಸಲ ರೌಂಡ್ ಚೇಂಬರಿನಲ್ಲೇ ಉಳಿದಿತ್ತು. ಒಮ್ಮೆ ನಾನು ಪೆನ್ನುಚಾಕುವಿನ ತುದಿಯಿಂದ ಅದನ್ನು ಎಬ್ಬಿಸಿ ತೆಗೆದೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಈ ಬಗೆಯ ರೌಂಡಿನಲ್ಲಿ ಕಿಡಿಮದ್ದು ಇರುವುದೇ ಬುಡದ ಅಂಚಿನ ಒಳಗೆ. ಉಕ್ಕಿನ ಚಾಕುವಿನಿಂದ ಅಂಚನ್ನು ಜಜ್ಜುವುದು ಎಂದರೆ ಅಂಚಿಗೆ ಬಡಿದು ಮದ್ದು ಹತ್ತಿಸುವ ಫೈರಿಂಗ್ ಪಿನ್ ಮಾಡುವ ಕೆಲಸವನ್ನು ಬೋಲ್ಟ್ ತೆರೆದಿಟ್ಟುಕೊಂಡು ನಾವೇ ಮಾಡಿದಂತೆ. ಮದ್ದು ಹತ್ತಿದರೆ ಹಿತ್ತಾಳೆಯ ಚೂರುಗಳು ನಮ್ಮ ಮುಖಕ್ಕೇ ಬರುತ್ತವೆ.

ಆಮೇಲೆ ಬೇರೆ ಊರಿನ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅವರು ರಿಕಾಯಿಲ್ ಸ್ಪ್ರಿಂಗ್ ಮತ್ತು ಮ್ಯಾಗಜೀನ್ ಸ್ಪ್ರಿಂಗ್ ಬದಲಿಸಿ, ಹತ್ತು ರೌಂಡ್ ಹಾರಿಸಿ ತೋರಿಸಿ, ಹತ್ತೂ ಕೇಸ್ ಹೊರಬಿದ್ದವು ನೋಡಿ ಎಂದು ಹಣ ಪಡೆದು ಕಳುಹಿಸಿದರು. ನಾನು ಕೊಳ್ಳುವಾಗ ಮಾಡಿದ ತಪ್ಪನ್ನೇ ಅವರೂ ಮಾಡಿದ್ದರು. ಹಾರಿಸಿ ನೋಡಿದರು, ಹಾರಿಸದೆ ತೆಗೆದು ನೋಡಲಿಲ್ಲ.

ಇನ್ನು ಆ ಭಾನುವಾರದ ವಿಷಯ. ಐದು ಗುಂಡಿನ ಸರಣಿಯ ಕೊನೆಯ ರೌಂಡ್ ಹಾರಲಿಲ್ಲ. ಬರೀ ಟಕ್ ಎಂದಿತು. ಅಂಚಿನ ಒಳಗೆ ಕಿಡಿಮದ್ದು ಎಲ್ಲ ಕಡೆ ಸಮವಾಗಿ ಹರಡಿರದಿದ್ದರೆ ಇಂತಹ ರೌಂಡ್ ಹೀಗೆ ಕೈಕೊಡುವುದು ಹೊಸತಲ್ಲ. ನಿಯಮದಂತೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದೆ. ಮ್ಯಾಗಜೀನ್ ತೆಗೆದೆ. ಬೋಲ್ಟ್ ಎಳೆದು ಬಿಟ್ಟೆ. ಕಾಲ ಕೆಳಗೆ ಹಿತ್ತಾಳೆ ಕೇಸ್‌ಗಳು ಹರಡಿಕೊಂಡಿದ್ದವು. ಅವುಗಳ ನಡುವೆ ಆ ರೌಂಡೂ ಬಿದ್ದಿರಬೇಕು ಎಂದುಕೊಂಡೆ. ಚೇಂಬರಿನೊಳಗೆ ಇಣುಕಲಿಲ್ಲ. ಹ್ಯಾಮರ್ ಇಳಿಸಿಡೋಣವೆಂದು ಟ್ರಿಗರ್ ಒತ್ತಿದೆ. ಮೊದಲ ಪೆಟ್ಟಿಗೆ ಹತ್ತದ ಮದ್ದು ಎರಡನೆಯ ಪೆಟ್ಟಿಗೆ ಹತ್ತಿತು.

ರೇಂಜ್ ನೋಡಿಕೊಳ್ಳುವ ನಿವೃತ್ತ ಹವಾಲ್ದಾರರು ಕೂಗಾಡಲಿಲ್ಲ. ಹತ್ತಿರ ಬಂದು, "ರೌಂಡು ಹೊರಗೆ ಬಿದ್ದಿದ್ದನ್ನ ಕಣ್ಣಾರೆ ನೋಡಿದ್ರಾ ಸರ್?" ಎಂದಷ್ಟೇ ಕೇಳಿದರು. ನೋಡಿರಲಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಡ್ಡಾಯವಾಗಿರುವ ಸೇಫ್ಟಿ ಫ್ಲ್ಯಾಗ್, ಅಂದರೆ ಚೇಂಬರಿಗೆ ತೂರಿಸುವ ಆ ಬಣ್ಣದ ದಾರ, ನನ್ನ ಬ್ಯಾಗಿನಲ್ಲೇ ಇತ್ತು. ಚೇಂಬರಿನಲ್ಲಿ ರೌಂಡ್ ಇದ್ದರೆ ಆ ದಾರ ಒಳಗೆ ಹೋಗುವುದೇ ಇಲ್ಲ. ಮೂರು ಸೆಕೆಂಡಿನ ಆ ಕೆಲಸವನ್ನು ಅಭ್ಯಾಸದ ದಿನವಲ್ಲವೇ ಎಂದು ಬಿಟ್ಟಿದ್ದೆ.

ಬಳಿಕ ಪರವಾನಗಿ ಪಡೆದ ಇನ್ನೊಬ್ಬ ಅನುಭವಿ ಗನ್‌ಸ್ಮಿತ್ ಬಳಿಗೆ ಹೋದೆ. ಅವರು ಒಂದು ರೌಂಡನ್ನೂ ಹಾರಿಸದೆ, ಗಡಿಯಾರ ರಿಪೇರಿಯವರು ಕಣ್ಣಿಗೆ ಕಚ್ಚಿಸಿಕೊಳ್ಳುವಂತಹ ಭೂತಗನ್ನಡಿಯಿಂದ ನೋಡಿ ಮೂರು ದೋಷ ತೋರಿಸಿದರು. ಕೊಕ್ಕೆಯ ಚೂಪು ಅಂಚು ಗುಂಡಗಾಗಿತ್ತು. ಕೊಕ್ಕೆ ಕೂರುವ ತೋಡಿನಲ್ಲಿ ಸೀಸ, ಮೇಣ, ಮಸಿ ಸೇರಿ ಕಪ್ಪು ಅಂಟಿನಂತೆ ಗಟ್ಟಿಯಾಗಿ, ಕೊಕ್ಕೆ ಪೂರ್ತಿ ಒಳಕ್ಕೆ ಬಾಗದಂತೆ ತಡೆದಿತ್ತು. ಈ ರೌಂಡಿನ ಸೀಸದ ಗುಂಡಿಗೆ ಹೊರಗಡೆಯೇ ಮೇಣ ಸವರಿರುತ್ತಾರೆ. ನಾನು ಡಬ್ಬಿಗಳನ್ನು ನಮ್ಮ ಊರಿನ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲೇ ಇಟ್ಟಿರುತ್ತಿದ್ದೆ, ಮೆತ್ತಗಾದ ಮೇಣಕ್ಕೆ ದೂಳು ಅಂಟಿ ಒಳಗೆ ಹೋಗುತ್ತಿತ್ತು.

ಮೂರನೆಯದು ನನ್ನ ಮನೆಯ ಅಭ್ಯಾಸದ ಫಲ. ರಾತ್ರಿ ಗೋಡೆಗೆ ಗುರಿಯಿಟ್ಟು, ಡಮ್ಮಿ (ಮದ್ದಿಲ್ಲದ ನಕಲಿ ರೌಂಡ್) ಹಾಕದೆಯೇ ಖಾಲಿ ಟ್ರಿಗರ್ ಒತ್ತುತ್ತಿದ್ದೆ. ರೌಂಡ್ ಇಲ್ಲದಾಗ ಫೈರಿಂಗ್ ಪಿನ್ ಚೇಂಬರಿನ ಬಾಯಂಚಿಗೇ ಬಡಿಯಬಹುದು. ಕೆಲವು ಪಿಸ್ತೂಲುಗಳಲ್ಲಿ ಇದನ್ನು ತಡೆಯುವ ವ್ಯವಸ್ಥೆ ಇರುತ್ತದೆ, ನನ್ನದರಲ್ಲಿ ಇರಲಿಲ್ಲ. ಬಾಯಂಚಿನಲ್ಲಿ ಎಳ್ಳುಕಾಳಿಗಿಂತ ಚಿಕ್ಕದಾದ ಒಂದು ಹೊಳೆಯುವ ಗುಳಿ ಬಿದ್ದಿತ್ತು. ಅಲ್ಲಿಂದ ಸರಿದ ಉಕ್ಕು ಚೇಂಬರಿನೊಳಕ್ಕೆ ಮುಳ್ಳಿನಂತೆ ಚಾಚಿಕೊಂಡು ಕೇಸಿನ ಮೈಯನ್ನು ಕಚ್ಚಿ ಹಿಡಿಯುತ್ತಿತ್ತು. ನಾನು ಇಟ್ಟುಕೊಂಡಿದ್ದ ಹಳೆಯ ಕೇಸ್‌ಗಳನ್ನು ತಿರುಗಿಸಿ ನೋಡಿದರೆ ಎಲ್ಲದರ ಮೇಲೂ ಒಂದೇ ಜಾಗದಲ್ಲಿ ಉದ್ದಕ್ಕೆ ಒಂದು ಗೀರು. ಎಷ್ಟೋ ತಿಂಗಳು ಕಾಲ ಕೆಳಗೇ ಬಿದ್ದಿದ್ದ ಸಾಕ್ಷಿ ಅದು.

ಆ ಮುಳ್ಳನ್ನು ಅವರು ಅರದಿಂದ ಉಜ್ಜಲಿಲ್ಲ. ಉಜ್ಜಿದರೆ ಚೇಂಬರಿನ ಬಾಯಿ ಅಗಲವಾಗಿ ಕೇಸಿನ ಬುಡಕ್ಕೆ ಆಸರೆ ತಪ್ಪುತ್ತದೆ, ಅಲ್ಲಿ ಕೇಸ್ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಚೇಂಬರಿನ ಅಳತೆಗೇ ಮಾಡಿದ, ನುಣುಪಾದ ಒಂದು ಉಕ್ಕಿನ ಉಪಕರಣವನ್ನು ಒತ್ತಿ, ಸರಿದ ಲೋಹವನ್ನು ಅದರ ಜಾಗಕ್ಕೇ ಹಿಂದಕ್ಕೆ ಕೂರಿಸಿದರು. ಎಕ್ಸ್‌ಟ್ರ್ಯಾಕ್ಟರ್ ಮತ್ತು ಅದರ ಸ್ಪ್ರಿಂಗ್ ಎರಡನ್ನೂ ಬದಲಿಸಿದರು. ದಾವಣಗೆರೆಯಲ್ಲಿ ಲೇತ್ ಕೆಲಸದ ಒಳ್ಳೆಯ ಕೈಗಳಿವೆ, ನಿಜ. ಆದರೆ 1959ರ ಆಯುಧ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಬಂದೂಕು ರಿಪೇರಿಗೂ ಪರವಾನಗಿ ಬೇಕು. ಡ್ರಿಲ್ಲಿಗೆ ಎಮರಿ ಕಾಗದ ಸುತ್ತಿ ಚೇಂಬರ್ ಪಾಲಿಶ್ ಮಾಡಿಕೊಡುತ್ತೇನೆ ಎನ್ನುವವರ ಕೈಗೆ ಪಿಸ್ತೂಲು ಕೊಡಬೇಡಿ.

ಹಳೆಯ ಪಿಸ್ತೂಲು ಕೊಳ್ಳುವವರು ಹಾರಿಸಿ ನೋಡುವುದರ ಜೊತೆಗೆ ಇದನ್ನೂ ನೋಡಿರಿ. ಪಿಸ್ತೂಲು ಖಾಲಿಯಿದೆಯೆಂದು ಕಣ್ಣಿನಿಂದ ಖಚಿತಪಡಿಸಿಕೊಂಡು, ನಳಿಗೆಯನ್ನು ದಿಬ್ಬದ ಕಡೆಗೆ ಹಿಡಿದು, ಐದು ಡಮ್ಮಿ ರೌಂಡ್‌ಗಳನ್ನು ಒಂದೊಂದಾಗಿ ಚೇಂಬರಿಗೆ ಹಾಕಿ ಬೋಲ್ಟನ್ನು ನಿಧಾನವಾಗಿ ಎಳೆಯಿರಿ. ಪ್ರತಿಯೊಂದೂ ಬೋಲ್ಟಿನ ಮುಖಕ್ಕೆ ಅಂಟಿಕೊಂಡೇ ಹಿಂದೆ ಬರಬೇಕು. ಒಂದೇ ಒಂದು ಒಳಗುಳಿದರೂ ಆ ಪಿಸ್ತೂಲನ್ನು ಅಲ್ಲಿಗೇ ನಿಲ್ಲಿಸಿ. ಬೋಲ್ಟ್ ಬಿಚ್ಚಿಟ್ಟಾಗ, ಹಾರಿಸಿದ ಒಂದು ಖಾಲಿ ಕೇಸನ್ನು ಬೆರಳಿನಿಂದ ಚೇಂಬರಿಗೆ ಹಾಕಿ ನಳಿಗೆಯನ್ನು ಮೇಲಕ್ಕೆತ್ತಿದರೆ ಅದು ತೀರ ಬಿಗಿಯಾಗಿ ಕಚ್ಚಿಕೊಳ್ಳಬಾರದು. ಕಚ್ಚಿಕೊಂಡರೆ ಮೊದಲು ಬ್ರಷ್ ಹಾಕಿ ಮಸಿ ತೆಗೆಯಿರಿ, ಆಗಲೂ ಬಿಡದಿದ್ದರೆ ಬಾಯಂಚಿನಲ್ಲಿ ಗುಳಿಯಿದೆಯೇ ಎಂದು ನೋಡಿಸಿರಿ. ಅಭ್ಯಾಸದ ನಡುವೆ ಹಾರದ ರೌಂಡ್ ಒಳಗೇ ಉಳಿದರೆ ನಳಿಗೆಯ ಮುಂದಿನಿಂದ ಕ್ಲೀನಿಂಗ್ ರಾಡ್ ತೂರಿಸಬೇಡಿ, ಏಕೆಂದರೆ ಆಗ ನಿಮ್ಮ ಕೈ ಗುಂಡಿನ ಎದುರಿಗೇ ಇರುತ್ತದೆ. ಬೋಲ್ಟ್ ತೆರೆದಿಟ್ಟು, ನಳಿಗೆ ದಿಬ್ಬದ ಕಡೆಗಿರುವಂತೆ, ಖಾಲಿ ಕೈಯೆತ್ತಿ ರೇಂಜ್ ಅಧಿಕಾರಿಯನ್ನು ಕರೆಯಿರಿ.

ನನ್ನ ಹಳೆಯ ಎಕ್ಸ್‌ಟ್ರ್ಯಾಕ್ಟರನ್ನೂ ಗೀರು ಬಿದ್ದ ನಾಲ್ಕು ಕೇಸ್‌ಗಳನ್ನೂ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ರೇಂಜಿನ ಮೇಜಿನ ಮೇಲೆ, ಭೂತಗನ್ನಡಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಅಂದು ಕುರ್ಚಿಯಿಂದ ಎದ್ದಿದ್ದ ಹುಡುಗ ಈಗ ಪ್ರತಿ ಭಾನುವಾರ ಎಲ್ಲರ ಪಿಸ್ತೂಲಿನಲ್ಲೂ ದಾರ ಕಂಡ ಮೇಲೆಯೇ ಗೆರೆ ದಾಟುತ್ತಾನೆ. ಮೊದಲು ನೋಡುವುದು ನನ್ನದನ್ನು.