ದಾವೋಸ್ ಟ್ರೇಲ್‌ಗಳಲ್ಲಿ ನಾಲ್ಕು ಬೇಸಿಗೆ, ಒಂಬತ್ತು ಪಂಕ್ಚರ್

ಒಂಬತ್ತರಲ್ಲಿ ಏಳು ಪಂಕ್ಚರ್ ಅಡ್ಡಕಲ್ಲಿಗೆ, ಅಂದರೆ ದಾರಿಗೆ ಅಡ್ಡಲಾಗಿ ಹೂತ ಕಲ್ಲಿಗೆ, ಬಡಿದು ಆದದ್ದು. ಸ್ವಿಟ್ಜರ್ಲೆಂಡಿನ ದಾವೋಸ್ ಸುತ್ತ ಮೌಂಟನ್ ಬೈಕ್ ಓಡಿಸಿದ ಅನುಭವ ಬರೆಯೋಣ ಅಂತ ಕೂತರೆ, ಮೊದಲು ಕಣ್ಣ ಮುಂದೆ ಬರುವುದು ಈ ಕಲ್ಲುಗಳೇ.

ನಾನು ಜ್ಯೂರಿಕ್‌ನಲ್ಲಿ ಕೆಲಸ ಮಾಡುತ್ತೇನೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಎರಡು ಸಲವಾದರೂ ಸೈಕಲ್ ಹಿಡಿದು ರೈಲು ಹತ್ತುತ್ತೇನೆ. ಲಾಂಡ್‌ಕ್ವಾರ್ಟ್‌ನಲ್ಲಿ ಇಳಿದು ರೇಟಿಯನ್ ರೈಲ್ವೆಯ ಕೆಂಪು ಗಾಡಿಗೆ ಬದಲಾಯಿಸಬೇಕು. ದಿನವಿಡೀ ಲಿಫ್ಟ್‌ನಲ್ಲಿ, ಅಂದರೆ ಬೆಟ್ಟದ ಕೇಬಲ್ ಕಾರಿನಲ್ಲಿ, ಹತ್ತಿ ಸೈಕಲ್ಲಿನಲ್ಲಿ ಇಳಿಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಜೇಬಿಗೆ ಅದು ಜಾಸ್ತಿ ಆಗುತ್ತದೆ. ದಿನಕ್ಕೆ ಒಂದೇ ಲಿಫ್ಟ್, ಉಳಿದದ್ದೆಲ್ಲ ಪೆಡಲ್. ಹಾಗಾಗಿ ಒಂದೇ ಇಳಿತದಲ್ಲಿ ಮುಗಿಯದ ಉದ್ದದ ದಾರಿಯೇ ನನಗೆ ಇಷ್ಟ. 2590 ಮೀಟರ್ ಎತ್ತರದ ಯಾಕೋಬ್ಸ್‌ಹಾರ್ನ್‌ನಿಂದ ಫಿಲಿಸುರ್ ಹಳ್ಳಿಯವರೆಗೆ ಸುಮಾರು 40 ಕಿಲೋಮೀಟರ್ ಸಾಗುವ ಆಲ್ಪ್ಸ್ ಎಪಿಕ್ ಟ್ರೇಲ್ ಅಂಥದ್ದು. ಅದರ ನಕ್ಷೆ, ಏರಿಳಿತದ ಲೆಕ್ಕ ಇಲ್ಲಿ ಬೇಡ.

ನನ್ನ ದಿನ ದಾವೋಸ್ ಪ್ಲಾಟ್ಸ್ ಸ್ಟೇಷನ್ನಿನ ಹೊರಗೆ ಶುರುವಾಗುತ್ತದೆ. ಲಿಫ್ಟ್ ಪಕ್ಕದಲ್ಲೇ ಇದೆ, ಅದು ಓಡಲು ಇನ್ನೂ ಹೊತ್ತಿರುತ್ತದೆ. ಗೇಜ್ ಇಟ್ಟು ಗಾಳಿ ನೋಡುತ್ತೇನೆ. ಮುಂದಕ್ಕೆ 1.6 ಬಾರ್, ಹಿಂದಕ್ಕೆ 1.9. ಆಮೇಲೆ ಒಂದೊಂದೇ ಚಕ್ರ ಬಿಚ್ಚಿ ಕಿವಿ ಹತ್ತಿರ ಹಿಡಿದು ಕುಲುಕುತ್ತೇನೆ. ಎಳನೀರು ಕುಲುಕಿದ ಹಾಗೆ ಒಳಗೆ ಸೀಲಂಟ್, ಅಂದರೆ ಸಣ್ಣ ತೂತು ಮುಚ್ಚುವ ದ್ರವ, ಸದ್ದು ಮಾಡಬೇಕು. ಸದ್ದಿಲ್ಲ ಅಂದರೆ ಒಣಗಿದೆ ಅಂತ ಅರ್ಥ. ಕೊನೆಗೆ ಮೊಬೈಲ್ ಟಾರ್ಚ್ ಹಾಕಿ ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ನೋಡುವುದು. ಇಷ್ಟಕ್ಕೆ ಕಾಲು ಗಂಟೆ. ಈ ಕಾಲು ಗಂಟೆ ನನಗೆ ಬಹಳ ಪ್ರೀತಿಯದು. ಬೆಟ್ಟದ ನೆರಳು ಇನ್ನೂ ಊರ ಮೇಲೆ ಇರುತ್ತದೆ, ಕೈ ತಣ್ಣಗಿರುತ್ತದೆ.

ಮೇಲಿಂದ ಸೆರ್ಟಿಗ್ ಕಣಿವೆ ಕಡೆಗೆ ತಿರುಗಿದ ಮೇಲೆ ದಾರಿ ಒಂದಾಳು ಅಗಲ. ನಡೆಯುವವರೂ ಅಲ್ಲೇ, ಸೈಕಲ್ಲಿನವರೂ ಅಲ್ಲೇ. ನಡೆಯುವವರಿಗೇ ಮೊದಲ ಹಕ್ಕು. ದೂರದಿಂದಲೇ ಒಂದು ಸಲ ಬೆಲ್ ಹೊಡೆದು, ನಿಧಾನ ಮಾಡಿ, ಗ್ರುಯೆತ್ಸಿ (ಅಲ್ಲಿನ ನಮಸ್ಕಾರ) ಅಂದರೆ ಸಾಕು, ನಕ್ಕು ದಾರಿ ಬಿಡುತ್ತಾರೆ. ನಾಲ್ಕು ವರ್ಷದಲ್ಲಿ ಒಬ್ಬರೂ ನನ್ನ ಮೇಲೆ ರೇಗಿಲ್ಲ.

ಈಗ ಕಲ್ಲಿನ ವಿಷಯ. ಇಳಿಜಾರು ಜಾಸ್ತಿ ಇರುವ ಕಡೆಗಳಲ್ಲಿ ದಾರಿಗೆ ಅಡ್ಡಲಾಗಿ ಚಪ್ಪಡಿ ಹೂತಿರುತ್ತಾರೆ, ಕೆಲವು ಕಡೆ ಮರದ ದಿಮ್ಮಿ. ಒಂದು ಗೇಣು ಮೇಲೆದ್ದು ನಿಂತಿರುತ್ತವೆ. ಅದೂ ನೇರವಾಗಿ ಅಲ್ಲ, ಓರೆಯಾಗಿ. ಹಾಗಾಗಿ ಮುಂದಿನ ಚಕ್ರ ಓರೆಗೆ ಸಿಕ್ಕಿ ಜಾರುತ್ತದೆ, ಅದನ್ನು ಸಂಭಾಳಿಸುವಷ್ಟರಲ್ಲಿ ಹಿಂದಿನ ಚಕ್ರ ಹೋಗಿ ಬಡಿಯುತ್ತದೆ. ಮೊದಲ ಬೇಸಿಗೆ ಟ್ಯೂಬ್ ಹಾಕಿದ್ದೆ. ಮೋನ್‌ಸ್ಟೈನ್ ಹಳ್ಳಿಗೆ ಇನ್ನೂ ದೂರ ಇದ್ದಾಗ ಮೊದಲ ಪಂಕ್ಚರ್. ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ಇದ್ದ ಒಂದು ಟ್ಯೂಬ್ ಹಾಕಿ ಹೊರಟೆ. ಇಪ್ಪತ್ತು ನಿಮಿಷಕ್ಕೆ ಅದೂ ಹೋಯಿತು. ಹಳ್ಳಿವರೆಗೆ ಸೈಕಲ್ ತಳ್ಳಿಕೊಂಡು ನಡೆದೆ. ಎರಡನೇ ವರ್ಷ ಟ್ಯೂಬ್‌ಲೆಸ್ ಮಾಡಿಸಿದೆ. ಆಗ ಟೈರಿನ ಪಕ್ಕ ಹರಿಯಿತು, ಒಂದು ರಿಮ್ ಅಂಚೇ ಬಗ್ಗಿತು. ಇಷ್ಟು ಚೆಂದದ ದಾರಿ ಮಾಡಿ ಯಾಕೆ ಹೀಗೆ ಹಾಳು ಮಾಡಿದ್ದಾರೆ ಅಂತ ನಿಜವಾಗಿ ಸಿಟ್ಟು ಬಂದಿತ್ತು. ಆ ವರ್ಷ ಬರೆದಿದ್ದರೆ ಐದಕ್ಕೆ ಎರಡೂವರೆ ಕೊಡುತ್ತಿದ್ದೆ.

ಮೂರನೇ ವರ್ಷ ಆಗಸ್ಟ್‌ನಲ್ಲಿ ಮಧ್ಯಾಹ್ನ ಗುಡುಗು ಶುರುವಾಯಿತು. ಬೇಸಿಗೆ ಮಧ್ಯಾಹ್ನ ಅಲ್ಲಿ ಮೋಡ ಕಟ್ಟುವುದು ಮಾಮೂಲು, ಆದರೆ ಆ ದಿನ ನಾನು ತಡವಾಗಿ ಹೊರಟಿದ್ದೆ. ಒಂದು ಹುಲ್ಲಿನ ಕೊಟ್ಟಿಗೆಯ ಸೂರಿನ ಕೆಳಗೆ ನಿಂತೆ. ಎದುರಿಗೇ ಟ್ರೇಲ್. ಹತ್ತು ನಿಮಿಷದಲ್ಲಿ ಅದು ಹಳ್ಳವಾಯಿತು. ಕೆಂಪು ನೀರು, ಅದರಲ್ಲಿ ಉರುಳುವ ಗೋಲಿ ಗಾತ್ರದ ಕಲ್ಲು. ಆ ನೀರು ಅಡ್ಡಕಲ್ಲಿಗೆ ಬಂದು ಮುಟ್ಟಿತು, ಕಲ್ಲಿನ ಓರೆ ಹಿಡಿದು ಎಡಕ್ಕೆ ಹೊರಳಿತು, ಹುಲ್ಲಿನೊಳಗೆ ಹೋಗಿ ಹರಡಿಕೊಂಡಿತು. ಕಲ್ಲಿನ ಕೆಳಗೆ ದಾರಿ ಬರೀ ಒದ್ದೆ. ಮಳೆ ಮುಗಿಯುವವರೆಗೆ ಅದನ್ನೇ ನೋಡುತ್ತ ನಿಂತಿದ್ದೆ.

ಅಲ್ಲಿಂದ ಸ್ವಲ್ಪ ಕೆಳಗೆ ಇನ್ನೊಂದು ಕಲ್ಲು ಇತ್ತು. ಸೈಕಲ್ಲಿನವರು ಅದನ್ನು ತಪ್ಪಿಸಿ ಪಕ್ಕದಿಂದ ಓಡಿಸಿ ಓಡಿಸಿ ಅಲ್ಲೊಂದು ಹೊಸ ಸಾಲು ಬಿದ್ದಿತ್ತು. ನೀರು ಅದೇ ಸಾಲು ಹಿಡಿದಿತ್ತು. ಅಲ್ಲಿಂದ ಕೆಳಗೆ ಮೊಣಕಾಲುದ್ದ ಕೊರಕಲು, ಮರದ ಬೇರೆಲ್ಲ ಹೊರಗೆ. ಹಿಂದಿನ ವರ್ಷ ನಾನೂ ಅದೇ ಪಕ್ಕದ ದಾರಿಯಲ್ಲಿ ಹೋಗಿದ್ದೆ. ಬೇಜಾರಾಯಿತು.

ಅಂದಿನಿಂದ ಕಲ್ಲಿನ ಮೇಲೆಯೇ ಹೋಗುವುದನ್ನು ಕಲಿತೆ. ಕಲ್ಲಿಗೆ ಎರಡು ಸೈಕಲ್ ಉದ್ದ ಇರುವಾಗಲೇ ಬ್ರೇಕ್ ಮುಗಿಸಬೇಕು. ಚಕ್ರ ಕಲ್ಲಿಗೆ ನೇರ ಅಡ್ಡ ಬರುವಂತೆ ಹ್ಯಾಂಡಲ್ ತಿರುಗಿಸಬೇಕು. ಮುಂದಿನ ಚಕ್ರ ದಾಟಿದ ತಕ್ಷಣ ಕಾಲು ಹಗುರ ಮಾಡಬೇಕು, ಆಗ ಹಿಂದಿನದು ಬಡಿಯದೆ ಹತ್ತುತ್ತದೆ. ಈ ಕೊನೆಯದು ನನಗೆ ಬರಲು ಒಂದು ಇಡೀ ಬೇಸಿಗೆ ಹಿಡಿಯಿತು. ಕಳೆದ ವರ್ಷ ಒಂದೂ ಪಂಕ್ಚರ್ ಇಲ್ಲ.

ಮರದ ದಿಮ್ಮಿಗಳ ಬಗ್ಗೆ ಮಾತ್ರ ನನ್ನ ದೂರು ಹಾಗೇ ಇದೆ. ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತವೆ, ಎಷ್ಟು ನೇರ ಹೋದರೂ ನಂಬುವಂತಿಲ್ಲ. ಮಳೆಯಾದ ಮರುದಿನ ನಾನು ಅಲ್ಲೆಲ್ಲ ಇಳಿದು ನಡೆಯುತ್ತೇನೆ. ಜೂನ್‌ನಲ್ಲಿ ಹೋಗಬೇಡಿ, ಮೇಲ್ಗಡೆ ಹಿಮ ಇನ್ನೂ ಉಳಿದಿರುತ್ತದೆ. ತೆಳು ಟೈರ್ ಬೇಡವೇ ಬೇಡ. ಇಷ್ಟಕ್ಕೆ ಸಿದ್ಧ ಇದ್ದರೆ ನನ್ನ ಅಂಕ ಐದಕ್ಕೆ ನಾಲ್ಕೂವರೆ.

ಕಳೆದ ಸೆಪ್ಟೆಂಬರ್‌ನಲ್ಲಿ ಯೆನಿಸ್‌ಬರ್ಗ್ ಹಳ್ಳಿ ದಾಟಿದ ಮೇಲೆ ಇಬ್ಬರು ಗುದ್ದಲಿ ಹಿಡಿದು ಕೆಲಸ ಮಾಡುತ್ತಿದ್ದರು. ಕಲ್ಲಿನ ಹಿಂದೆ ತುಂಬಿದ ಹೂಳು ತೆಗೆಯುತ್ತಿದ್ದರು. ಅದು ತುಂಬಿಬಿಟ್ಟರೆ ನೀರು ಕಲ್ಲು ಹಾರಿ ಮತ್ತೆ ದಾರಿಗೇ ಬೀಳುತ್ತದೆ, ವರ್ಷಕ್ಕೆ ಒಂದು ಸಲವಾದರೂ ಖಾಲಿ ಮಾಡಲೇಬೇಕು ಅಂದರು. ನಾನೂ ಸೈಕಲ್ ಒರಗಿಸಿ ಒಂದು ಚಪ್ಪಟೆ ಕಲ್ಲು ತಗೊಂಡು ಎರಡು ಕಡೆ ಕೆರೆದೆ. ಎರಡನೆಯದರಲ್ಲಿ ಹಿಂದಿನ ದಿನದ ನೀರು ನಿಂತಿತ್ತು. ಹೂಳು ಸರಿದ ಕೂಡಲೇ ಅದು ಹುಲ್ಲಿನ ಕಡೆಗೆ ಹರಿದುಹೋಯಿತು.