ಲಕ್ಸರ್: ಎರಡು ದಿನ ಬಸ್ಸು, ಒಂದು ದಿನ ಗೈಡು

ಮಾರ್ಕ್ಸ್ ಮೊದಲು ಹೇಳಿಬಿಡುತ್ತೇನೆ. ಈಜಿಪ್ಟಿನ ಲಕ್ಸರ್‌ನಲ್ಲಿ ಮೊದಲ ಎರಡು ದಿನ ಹೋದ ಬಸ್ ಪ್ಯಾಕೇಜಿಗೆ ಐದಕ್ಕೆ ಒಂದೂವರೆ. ಮೂರನೇ ದಿನ ನಾವೇ ಗೊತ್ತು ಮಾಡಿಕೊಂಡ ಗೈಡ್‌ಗೆ ನಾಲ್ಕೂವರೆ. ಇಬ್ಬರ ಹೆಸರೂ ಇಲ್ಲಿ ಬರೆಯುವುದಿಲ್ಲ. ಬಸ್ಸಿನವರ ಜೊತೆ ಜಗಳ ಬೇಡ ಅಂತ. ಗೈಡ್ ತನ್ನ ಹೆಸರು ಇಂಟರ್ನೆಟ್ಟಿನಲ್ಲಿ ಹಾಕಬೇಡಿ ಅಂತ ಕೇಳಿಕೊಂಡಿದ್ದಾನೆ.

ನಾನು 31 ವರ್ಷ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತವನು. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಬರೆದಿಡುವುದೇ ಕಸುಬು. ಈಜಿಪ್ಟಿನ ಹುಚ್ಚು ಮಾತ್ರ ಹೈಸ್ಕೂಲಿನಿಂದ ಇತ್ತು. ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿದ್ದೆ. ನಿವೃತ್ತಿಯ ದುಡ್ಡು ಬಂದ ಮೇಲೆ ನಾನು, ನಮ್ಮ ಮನೆಯವರು ಇಬ್ಬರೂ ಹೊರಟೆವು. ನೋಡಿ ಬರುವುದಕ್ಕಲ್ಲ, ಕಲಿತು ಬರುವುದಕ್ಕೆ ಅಂತ ನಾನು ಹೇಳುತ್ತಿದ್ದೆ. ಅವಳು ನಗುತ್ತಿದ್ದಳು.

ಬಸ್ಸಿನ ವಿಚಾರ ಬೇಗ ಮುಗಿಸುತ್ತೇನೆ. ಕಾರ್ನಾಕ್ ದೇವಾಲಯಕ್ಕೆ ಕೊಟ್ಟಿದ್ದು 40 ನಿಮಿಷ, ಅದರಲ್ಲೇ ಟಾಯ್ಲೆಟ್ ಸಾಲು ಸೇರಿ. ಅಲ್ಲಿನ ಕಂಬದ ಹಜಾರದಲ್ಲಿ 134 ಕಂಬಗಳಿವೆ. ನಡುವಿನ ಹನ್ನೆರಡು ಸುಮಾರು 21 ಮೀಟರ್ ಎತ್ತರ. ಕತ್ತೆತ್ತಿ ಎರಡನೇ ಸಾಲು ನೋಡುವಷ್ಟರಲ್ಲಿ ಹಳದಿ ಬಾವುಟ ಹಿಡಿದವನು "ಫೋಟೋ ಆಯ್ತಾ, ನಡೀರಿ" ಅನ್ನುತ್ತಿದ್ದ. ಅದೇ ದಿನ ಅಲಬಾಸ್ಟರ್ ಕಲ್ಲಿನ ಹೂದಾನಿ ಮಾರುವ ಅಂಗಡಿಯಲ್ಲಿ ನಮ್ಮನ್ನು ಕೂರಿಸಿದ್ದು 1 ಗಂಟೆ 50 ನಿಮಿಷ. ಅಂದಾಜಲ್ಲ, ಗಡಿಯಾರ ನೋಡಿ ಬರೆದುಕೊಂಡಿದ್ದೇನೆ, ಹಳೇ ಚಟ. ಟುಟಾಂಖಾಮುನ್ ಎಂಬ ರಾಜನ ಸಮಾಧಿ ತೆರೆದವರೆಲ್ಲ ಶಾಪ ತಗುಲಿ ಸತ್ತರು ಅಂತಲೂ ಬಾವುಟದವನು ಮೈಕಿನಲ್ಲಿ ಹೇಳಿದ. 1922ರಲ್ಲಿ ಆ ಸಮಾಧಿ ಪತ್ತೆ ಮಾಡಿದ ಹೋವರ್ಡ್ ಕಾರ್ಟರ್ ಬದುಕಿದ್ದು 1939ರವರೆಗೆ. ಹದಿನೇಳು ವರ್ಷ ತಡವಾಗಿ ಬರುವ ಶಾಪಕ್ಕೆ ನಾನಾಗಿದ್ದರೆ ಮೆಮೊ ಕೊಡುತ್ತಿದ್ದೆ.

ಎರಡನೇ ದಿನ ರಾತ್ರಿ ಹೋಟೆಲಿನ ರಿಸೆಪ್ಷನ್‌ನಲ್ಲಿ ವಿಚಾರಿಸಿದಾಗ ಈ ಹುಡುಗ ಸಿಕ್ಕ. ಹುಡುಗ ಅಂದರೆ ಮೂವತ್ತೈದು ದಾಟಿದ್ದಾನೆ, ಪ್ರಾಚೀನ ಈಜಿಪ್ಟನ್ನೇ ಓದಿ ಗೈಡ್ ಲೈಸೆನ್ಸ್ ತೆಗೆದುಕೊಂಡವನು. ರೇಟು ಮಾತಾಡುವ ಮುಂಚೆ ಅವನು ಕೇಳಿದ ಪ್ರಶ್ನೆ: "ನೀವು ಏನು ಕೆಲಸ ಮಾಡ್ತಿದ್ರಿ?" ಹೇಳಿದೆ. ಒಂದು ಕ್ಷಣ ಯೋಚಿಸಿ, "ಹಾಗಾದರೆ ನಾಳೆ ದೊಡ್ಡ ದೇವಾಲಯ ಯಾವುದೂ ಬೇಡ. ನಿಮ್ಮನ್ನು ನಿಮ್ಮ ಆಫೀಸಿಗೇ ಕರೆದುಕೊಂಡು ಹೋಗ್ತೀನಿ" ಅಂದ. ಗಿರಾಕಿಯನ್ನು ಬಲೆಗೆ ಹಾಕುವ ಮಾತು ಅಂದುಕೊಂಡೆ.

ಬೆಳಿಗ್ಗೆ ಆರಕ್ಕೆಲ್ಲ ಊರಿನವರು ಹತ್ತುವ ಫೆರಿಯಲ್ಲಿ ನೈಲ್ ದಾಟಿದೆವು. ಆಚೆ ದಡದಲ್ಲಿ ಒಂದಷ್ಟು ದೂರ ಕಬ್ಬಿನ ಹಸಿರು, ಆಮೇಲೆ ಗೆರೆ ಎಳೆದ ಹಾಗೆ ಹಸಿರು ನಿಂತು ಮರಳು, ಬೋಳು ಗುಡ್ಡ ಶುರು. ಆ ಗುಡ್ಡದ ಮಡಿಲಲ್ಲಿ ದೇರ್ ಅಲ್-ಮದೀನಾ. ರಾಜರ ಕಣಿವೆಯ ಸಮಾಧಿಗಳನ್ನು ಕೊರೆದು ಚಿತ್ರ ಬರೆದ ಕೆಲಸಗಾರರ ಊರು. ಅವರ ಕಾಲದಲ್ಲಿ ಇದರ ಹೆಸರು 'ಸೆತ್ ಮಾತ್', ಸತ್ಯದ ಸ್ಥಳ ಅಂತ.

ನೋಡಿದರೆ ಏನಿಲ್ಲ. ಮಂಡಿಯೆತ್ತರದ ಕಲ್ಲುಗೋಡೆಗಳು, ನಡುವೆ ಒಂದು ಓಣಿ, ಎರಡೂ ಕಡೆ ಒತ್ತೊತ್ತಾಗಿ ಮನೆಗಳು. ಸುತ್ತುಗೋಡೆಯೊಳಗೆ ಸುಮಾರು 70 ಮನೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚು: ಮುಂದಿನ ಕೋಣೆ, ಅದರ ಹಿಂದೆ ಕಂಬವಿರುವ ನಡುಮನೆ, ಒಂದು ಸಣ್ಣ ಕೋಣೆ, ಕೊನೆಗೆ ಅಡುಗೆಮನೆ, ಅಲ್ಲಿಂದ ಮಾಳಿಗೆಗೆ ಮೆಟ್ಟಿಲು, ಕೆಳಗೆ ನೆಲಮಾಳಿಗೆ. ನಮ್ಮ ಮನೆಯವರು ಓಣಿಯಲ್ಲಿ ನಿಂತು ಎರಡೂ ಕಡೆ ನೋಡಿ, "ರೀ, ಇದು ಕ್ವಾರ್ಟರ್ಸ್ ಅಲ್ವೇನ್ರೀ" ಅಂದಳು. ಗೈಡ್‌ಗೆ ಅರ್ಥ ಹೇಳಿದಾಗ ಅವನಿಗೆ ಖುಷಿಯೋ ಖುಷಿ. ನಿಜಕ್ಕೂ ಇದು ಕ್ವಾರ್ಟರ್ಸೇ. ಊರಿಗೆ ಬಾವಿ ಇರಲಿಲ್ಲ. ಕತ್ತೆಗಳ ಮೇಲೆ ನೀರು ಬರುತ್ತಿತ್ತು, ಅದಕ್ಕೆಂದೇ ಸರ್ಕಾರದ ನೀರಾಳುಗಳಿದ್ದರು. ಹತ್ತು ದಿನಕ್ಕೊಂದು ವಾರ. ಕೆಲಸದ ದಿನಗಳಲ್ಲಿ ಗಂಡಸರು ಗುಡ್ಡದ ಮೇಲಿನ ಗುಡಿಸಲುಗಳಲ್ಲಿ ಮಲಗಿ, ರಜಕ್ಕೆ ಮನೆಗೆ ಇಳಿಯುತ್ತಿದ್ದರು. ಎರಡು ತಂಡ, ಬಲದ್ದೊಂದು ಎಡದ್ದೊಂದು, ಹಡಗಿನ ಹುಟ್ಟು ಹಾಕುವವರ ಹಾಗೆ. ಒಂದೊಂದಕ್ಕೂ ಒಬ್ಬ ಮೇಸ್ತ್ರಿ, ಜೊತೆಗೆ ಲೆಕ್ಕ ಬರೆಯಲು ಒಬ್ಬ ಲಿಪಿಕಾರ.

ಆ ಲಿಪಿಕಾರನ ವಿಷಯ ಬಂದಾಗಲೇ ಗೈಡ್ ತನ್ನ ಚೀಲದಿಂದ ಲ್ಯಾಮಿನೇಟ್ ಮಾಡಿಸಿದ ಒಂದು ಫೋಟೋ ತೆಗೆದದ್ದು. ಸುಣ್ಣಕಲ್ಲಿನ ಚಕ್ಕೆ, ಅದರ ತುಂಬ ಸಣ್ಣ ಬರಹ. ಬಲಗಡೆ ಅಂಚಿನಲ್ಲಿ ಒಂದರ ಕೆಳಗೊಂದು ಹೆಸರು. ಹೆಸರಿನ ಎಡಕ್ಕೆ ಸಾಲಾಗಿ ಕಪ್ಪು ಶಾಯಿಯಲ್ಲಿ ತಾರೀಖು. ತಾರೀಖಿನ ಮೇಲೆ ಕೆಂಪು ಶಾಯಿಯಲ್ಲಿ ಒಂದೆರಡು ಪದ.

ಅವನು ಬಾಯಿ ಬಿಡುವ ಮುಂಚೆ ನಾನೇ ಹೇಳಿದೆ: "ಇದು ಮಸ್ಟರ್ ರೋಲು."

ಹೌದು. ಎರಡನೇ ರಾಮೆಸೀಸನ ಆಳ್ವಿಕೆಯ 40ನೇ ವರ್ಷದ ಹಾಜರಿ. ನಲವತ್ತು ಜನರ ಹೆಸರು. ಕೆಂಪಿನಲ್ಲಿರುವುದು ಗೈರುಹಾಜರಿಗೆ ಕಾರಣ. ಮೂಲ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ನಾವೂ ಆಬ್ಸೆಂಟನ್ನು ಕೆಂಪಿನಲ್ಲೇ ಬರೆಯುತ್ತಿದ್ದೆವು! ಆ ಬಿಸಿಲಿನಲ್ಲಿ, ಮುರಿದ ಗೋಡೆಯ ಮೇಲೆ ಕೂತು, ಒಂದೊಂದೇ ಕಾರಣ ಓದಿಸಿಕೊಂಡೆ. ಹುಷಾರಿಲ್ಲ. ಕಣ್ಣುನೋವು. ಚೇಳು ಕಚ್ಚಿತು. ತಾಯಿಯ ಶವಕ್ಕೆ ಬಟ್ಟೆ ಸುತ್ತಬೇಕಿತ್ತು. ಮನೆ ಕಟ್ಟುತ್ತಿದ್ದಾನೆ. ದೇವರಿಗೆ ನೈವೇದ್ಯ. ಹೆಂಡತಿ ಅಥವಾ ಮಗಳು ಮುಟ್ಟಾಗಿದ್ದಾಳೆ. ಬಿಯರ್ ತಯಾರಿಸುತ್ತಿದ್ದಾನೆ. ಕೊನೆಯ ಕಾರಣ ನನ್ನ ಕಾಲದಲ್ಲೂ ಇತ್ತು, ಅರ್ಜಿಯಲ್ಲಿ ಮಾತ್ರ 'ಹೊಟ್ಟೆನೋವು' ಅಂತ ಇರುತ್ತಿತ್ತು. ಈ ಲಿಪಿಕಾರ ಮುಲಾಜಿಲ್ಲದೆ ಇದ್ದದ್ದನ್ನೇ ಬರೆದಿದ್ದಾನೆ.

ಆಮೇಲೆ ಗೈಡ್ ಸ್ಟೋರ್ಸ್ ವಿಷಯಕ್ಕೆ ಬಂದ. ತಾಮ್ರದ ಉಳಿ ಸರ್ಕಾರದ್ದು. ಕೊಡುವಾಗ ತೂಕ, ವಾಪಸ್ ಪಡೆಯುವಾಗ ತೂಕ, ಯಾರೂ ಕೆರೆದು ಕದಿಯಬಾರದು ಅಂತ. ಸಮಾಧಿಯೊಳಗಿನ ದೀಪದ ಬತ್ತಿ ಕೂಡ ಎಣಿಸಿಯೇ ಕೊಡುತ್ತಿದ್ದರು, ದಿನಕ್ಕೆಷ್ಟು ಉರಿಯಿತು ಅಂತ ಲೆಕ್ಕ ಇಡುತ್ತಿದ್ದರು. ಸಂಬಳ ನಾಣ್ಯದಲ್ಲಲ್ಲ, ಧಾನ್ಯದಲ್ಲಿ. ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ 4 ಖಾರ್ ಎಮ್ಮರ್, ಅಂದರೆ ನಮ್ಮ ಕಪ್ಲಿ ಗೋಧಿಯ ಜಾತಿಯದ್ದು, ರೊಟ್ಟಿಗೆ. ಒಂದೂವರೆ ಖಾರ್ ಬಾರ್ಲಿ, ಬಿಯರಿಗೆ. ಒಂದು ಖಾರ್ ಅಂದರೆ ಸುಮಾರು 76 ಲೀಟರ್. ಮನಸ್ಸಿನಲ್ಲೇ ಗುಣಿಸಿದೆ: ಗೋಧಿಯೇ 300 ಲೀಟರ್ ದಾಟಿತು. ದೊಡ್ಡ ಸಂಸಾರಕ್ಕೂ ಸಾಕಾಗುವಷ್ಟು. ಮೇಸ್ತ್ರಿಗೆ ಐದೂವರೆ ಮತ್ತು ಎರಡು. ಮೇಸ್ತ್ರಿಗೂ ಆಳಿಗೂ ಇಷ್ಟೇ ಅಂತರವೇ ಅಂತ ಆಶ್ಚರ್ಯವಾಯಿತು. ನಮ್ಮಲ್ಲಿ ಇದರ ಎಷ್ಟೋ ಪಟ್ಟು ಇತ್ತು.

ಊರಿನ ಪಕ್ಕದಲ್ಲೇ ಸೆನ್ನೆಜೆಮ್ ಎಂಬ ಕೆಲಸಗಾರನ ಸ್ವಂತ ಸಮಾಧಿ, 1886ರಲ್ಲಿ ಬಾಗಿಲು ಮುಚ್ಚಿದ್ದಂತೆಯೇ ಸಿಕ್ಕಿದ್ದು. ಇಳಿಯುವ ಮೆಟ್ಟಿಲು ಕಡಿದು, ತಲೆ ತಗ್ಗಿಸಿ, ಸುಮಾರು ಬಗ್ಗಿಕೊಂಡೇ ಹೋಗಬೇಕು. ಮೊಣಕಾಲು ನೋವಿನವರು ಯೋಚಿಸಿ. ಒಳಗೆ ಒಂದು ಸಣ್ಣ ಕೋಣೆ, ಕಮಾನು ಛಾವಣಿ, ನೆಲ ಬಿಟ್ಟು ಉಳಿದದ್ದೆಲ್ಲ ಹಳದಿ ಹಿನ್ನೆಲೆಯ ಚಿತ್ರ. ಬಣ್ಣ ನಿನ್ನೆ ಬಳಿದ ಹಾಗಿದೆ. ಒಂದು ಗೋಡೆಯಲ್ಲಿ ಪರಲೋಕದ ಹೊಲ. ಸೆನ್ನೆಜೆಮ್ ನೇಗಿಲು ಹಿಡಿದಿದ್ದಾನೆ, ಹೆಂಡತಿ ಐನೆಫರ್ತಿ ಹಿಂದೆ ಬೀಜ ಚೆಲ್ಲುತ್ತಿದ್ದಾಳೆ. ಇನ್ನೊಂದು ಕಡೆ ಅವನು ಕುಡುಗೋಲಿನಲ್ಲಿ ತೆನೆ ಕೊಯ್ಯುತ್ತಾನೆ, ಅವಳು ಹೆಕ್ಕುತ್ತಾಳೆ. ಕೆಳಗೆ ಹಣ್ಣು ತುಂಬಿದ ಮರಗಳು, ಸುತ್ತ ನೀಲಿ ಕಾಲುವೆ. ಇಬ್ಬರದೂ ಅಚ್ಚ ಬಿಳಿ ಉಡುಪು.

"ಬಿಳಿ ಬಟ್ಟೆ ಹಾಕ್ಕೊಂಡು ಯಾರ್ರೀ ಉಳ್ತಾರೆ?" ಅಂತ ಇವಳು.

ಗೈಡ್ ಹೇಳಿದ: ಬದುಕಿದ್ದಾಗ ಅವನು ಉತ್ತವನಲ್ಲ, ಧಾನ್ಯ ಸರ್ಕಾರದಿಂದ ಬರುತ್ತಿತ್ತು, ಸತ್ತ ಮೇಲೆ ಕಾಲುವೆ ನೀರಿರುವ ಸ್ವಂತ ಹೊಲ ಬೇಕು ಅಂತ ಅವನಿಗೆ ಆಸೆ. ರಾಜರ ಕಣಿವೆಯ ದೊಡ್ಡ ಸಮಾಧಿಗಳನ್ನು ನಾನು ಹಿಂದಿನ ದಿನವೇ ನೋಡಿದ್ದೆ. ಅಲ್ಲೆಲ್ಲ ಹಾವು, ದೋಣಿ, ಸೂರ್ಯನ ರಾತ್ರಿ ಪ್ರಯಾಣ. ಹೊಲ ಬರೆಸಿಕೊಂಡವನನ್ನು ಕಂಡದ್ದು ಇಲ್ಲೇ.

ಅಲ್ಲಿಂದ ರಾಮೆಸ್ಸಿಯಂ, ಎರಡನೇ ರಾಮೆಸೀಸನ ಸ್ಮಾರಕ ದೇವಾಲಯ. ಬಿದ್ದಿರುವ ದೈತ್ಯ ಪ್ರತಿಮೆಯ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಇವನು ನಮ್ಮನ್ನು ಹಿಂದಕ್ಕೆ ಕರೆದುಕೊಂಡು ಹೋದ. ಹಸಿ ಇಟ್ಟಿಗೆಯ ಉದ್ದುದ್ದ ಉಗ್ರಾಣಗಳು, ಕಮಾನುಗಳು ಅಲ್ಲಲ್ಲಿ ಇನ್ನೂ ನಿಂತಿವೆ. ಕೈಯಿಟ್ಟರೆ ಇಟ್ಟಿಗೆಯಲ್ಲಿ ಹುಲ್ಲಿನ ಚೂರು ಸಿಗುತ್ತದೆ. (ಕೈಯಿಡಬಾರದು, ಕಾವಲುಗಾರ ಬೈದ.) ಮೂರನೇ ರಾಮೆಸೀಸನ 29ನೇ ವರ್ಷ, ಕ್ರಿ.ಪೂ. 12ನೇ ಶತಮಾನ, ಸಂಬಳದ ಧಾನ್ಯ ಬರಲಿಲ್ಲ. "ತಿಂಗಳಲ್ಲಿ 18 ದಿನ ಕಳೀತು, ಹಸಿವು" ಅಂತ ಹೇಳಿ ದೇರ್ ಅಲ್-ಮದೀನಾದ ಕೆಲಸಗಾರರು ಉಳಿ ಕೆಳಗಿಟ್ಟು ಕಾವಲು ದಾಟಿ ಬಂದರು. ಮೊದಲು ಮೂರನೇ ಥುಟ್ಮೋಸನ ದೇವಾಲಯದ ಹಿಂದೆ ಕೂತರು, ಆಮೇಲೆ ಇಲ್ಲಿಗೆ ಬಂದರು. ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ, ಫೇರೋಗೆ ತಿಳಿಸಿ ಅಂದರು. ಆಮೆನ್ನಖ್ತ್ ಎಂಬ ಲಿಪಿಕಾರ ಬರೆದಿಟ್ಟ ಈ ಮುಷ್ಕರದ ದಾಖಲೆ ಇಟಲಿಯ ಟೂರಿನ್ನಿನಲ್ಲಿದೆ. ಜಗತ್ತಿನಲ್ಲಿ ದಾಖಲಾದ ಮೊದಲ ಮುಷ್ಕರ ಅನ್ನುತ್ತಾರೆ. ಅವರು ಎಲ್ಲೆಂದರಲ್ಲಿ ಕೂತಿರಲಿಲ್ಲ, ನೋಡಿ. ಧಾನ್ಯ ತುಂಬಿಡುವ ಕಡೆಗೇ ಬಂದು ಕೂತರು. ಪುಸ್ತಕದಲ್ಲಿ ಈ ಕಥೆ ಹತ್ತು ಸಲ ಓದಿದ್ದೆ, ಆದರೆ ದೇವಾಲಯ ಅಂದರೆ ಗೋದಾಮು ಕೂಡ ಹೌದು ಅನ್ನುವುದು ಆ ಉಗ್ರಾಣದ ನೆರಳಿನಲ್ಲಿ ನಿಂತಾಗಲೇ ತಲೆಗೆ ಹೋಗಿದ್ದು.

ಬಿಸಿಲೇರಿದ ಮೇಲೆ ಚಹಾದಂಗಡಿಯಲ್ಲಿ ಕೂತು ಅಕ್ಷರ ಕಲಿಸಿದ. ಹಕ್ಕಿ, ಮನುಷ್ಯರು ಯಾವ ಕಡೆ ಮುಖ ಮಾಡಿದ್ದಾರೋ ಆ ಕಡೆಯಿಂದ ಓದಬೇಕು. ರಾಜನ ಹೆಸರು ಉದ್ದುದ್ದ ಉಂಗುರದೊಳಗೆ. ಆ ಲಿಪಿಯಲ್ಲಿ ಸ್ವರ ಬರೆಯುವುದಿಲ್ಲ, ಬರೀ ವ್ಯಂಜನ. ನಫರ್ ಅಂತಲೋ ನೆಫೆರ್ ಅಂತಲೋ, ಬರಹದಲ್ಲಿರುವುದು ನ್-ಫ್-ರ್ ಅಷ್ಟೇ. ಓದಲು ಸುಲಭವಾಗಲಿ ಅಂತ ಪಂಡಿತರು ನಡುವೆ ಎಕಾರ ತುಂಬುತ್ತಾರೆ. ಕಾಗುಣಿತವನ್ನೇ ಬಿಟ್ಟುಬಿಟ್ಟ ಬರಹ! ಒಂದನೇ ಕ್ಲಾಸಿನಲ್ಲಿ ಕ ಕಾ ಕಿ ಕೀ ತಪ್ಪಿದ್ದಕ್ಕೆ ಬೆತ್ತದೇಟು ತಿಂದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಮಧ್ಯಾಹ್ನದ ಹೊತ್ತಿಗೆ 'ರಾಮೆಸೀಸ್' ಅನ್ನುವ ಉಂಗುರವನ್ನು ಗೋಡೆಯ ಮೇಲೆ ನಾನೇ ಗುರುತು ಹಿಡಿದೆ. ಆ ರಾಜ ಎಲ್ಲ ಗೋಡೆಯ ಮೇಲೂ ತನ್ನ ಹೆಸರು ಕೆತ್ತಿಸಿದ್ದಾನೆ, ಹಾಗಾಗಿ ನನ್ನ ಸಾಧನೆ ದೊಡ್ಡದೇನಲ್ಲ.

ನಮ್ಮ ಮನೆಯವರಿಗೆ ಅಷ್ಟರಲ್ಲಿ ಲೆಕ್ಕಪತ್ರ ಸಾಕಾಗಿತ್ತು. ಅದು ಗೈಡ್‌ಗೆ ತಿಳಿಯಿತೇನೋ, ನೌನಖ್ತೆ ಎಂಬ ಅಜ್ಜಿಯ ಉಯಿಲಿನ ಕಥೆ ತೆಗೆದ. ಅದೇ ಊರಿನವಳು. ಎಂಟು ಮಕ್ಕಳನ್ನು ಸಾಕಿದ್ದಳು. ಮುಪ್ಪಿನಲ್ಲಿ ನೋಡಿಕೊಂಡವರಿಗೆ ನನ್ನ ಆಸ್ತಿ, ನೋಡದವರಿಗೆ ಇಲ್ಲ ಅಂತ ಸಾಕ್ಷಿಗಳ ಮುಂದೆ ಬರೆಸಿಟ್ಟಳು. ಹೆಣ್ಣಿಗೆ ಸ್ವಂತ ಆಸ್ತಿ, ಅದನ್ನು ತನ್ನಿಷ್ಟದಂತೆ ಹಂಚುವ ಹಕ್ಕು, ಮೂರು ಸಾವಿರ ವರ್ಷಕ್ಕೂ ಹಿಂದೆ. ಇವಳು ಎರಡು ಸಲ ಹೇಳಿಸಿಕೊಂಡಳು. ರಾತ್ರಿ ಮಗನಿಗೆ ಫೋನ್ ಮಾಡಿದಾಗ ಮೊದಲು ಹೇಳಿದ್ದೂ ಅದನ್ನೇ.

ಕೊರತೆಗಳಿವೆ. ಗೈಡ್ ಸಿಗರೇಟು ಬಹಳ ಸೇದುತ್ತಾನೆ. ಇಂಗ್ಲಿಷ್ ಚೆನ್ನಾಗಿದೆ, ಆದರೆ ಉತ್ಸಾಹ ಬಂದರೆ ರೈಲು ಓಡಿದ ಹಾಗೆ ಮಾತು, "ನಿಧಾನ" ಅನ್ನುತ್ತಿರಬೇಕು. ಮಧ್ಯಾಹ್ನ ಒಂದು ಗಂಟೆಗೆ ಮುಗಿಸಿಬಿಡುತ್ತಾನೆ, ಬಿಸಿಲಿಗೆ ಅದೇ ಸರಿಯಾದರೂ ಹಣ ಇಡೀ ದಿನದ್ದು. ಟಿಕೆಟ್ ಬೇರೆ, ನಾವು ಹೋದಾಗ ಕಾರ್ಡ್ ಮಾತ್ರ ತೆಗೆದುಕೊಳ್ಳುತ್ತಿದ್ದರು. ಸಮಾಧಿಯ ಕಾವಲುಗಾರರು ಟಾರ್ಚ್ ಹಿಡಿದು ತೋರಿಸಿ ಕೈ ಚಾಚುತ್ತಾರೆ, ಚಿಲ್ಲರೆ ಪೌಂಡ್ ನೋಟು ಇಟ್ಟುಕೊಂಡಿರಿ. ಟೋಪಿ, ನೀರು ಮರೆಯಬೇಡಿ, ಆ ಊರಿಗೆ ಈಗಲೂ ಬಾವಿ ಇಲ್ಲ.

ಲಕ್ಸರ್‌ಗೆ ಮೊದಲ ಸಲ ಹೋಗುವವರು ಕಾರ್ನಾಕ್ ಬಿಡಬಾರದು, ಆದರೆ ಬಸ್ ಬಿಟ್ಟು ಸ್ವಂತ ಹೋಗಿ, ಅರ್ಧ ದಿನ ಇಟ್ಟುಕೊಳ್ಳಿ. ಪಶ್ಚಿಮ ದಡಕ್ಕೆ ಮಾತ್ರ ಗೈಡ್ ಬೇಕೇ ಬೇಕು. ಗೊತ್ತು ಮಾಡುವ ಮುಂಚೆ ನಿಮ್ಮ ಕಸುಬು ಯಾವುದು ಅಂತ ಅವನು ಕೇಳದಿದ್ದರೆ ನೀವೇ ಹೇಳಿ.

ಇನ್ನು ಗೈಡ್‌ಗೆ ಕಡಿಮೆ ಕೊಟ್ಟ ಆ ಅರ್ಧ ಮಾರ್ಕು. ಆ ಹಾಜರಿ ಕಲ್ಲಿನ ಫೋಟೋವನ್ನು ನಮ್ಮ ಹಳೇ ಕಾರ್ಖಾನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಎರಡು ನಿಮಿಷಕ್ಕೆ ಹಳೇ ಯೂನಿಯನ್ ಸೆಕ್ರೆಟರಿಯಿಂದ ಪ್ರಶ್ನೆ ಬಂತು: "ಚೇಳು ಕಚ್ಚಿದವನಿಗೆ ಸಂಬಳ ಕೊಟ್ಟರೋ, ಕಟ್ ಮಾಡಿದರೋ?" ಅದನ್ನೇ ಗೈಡ್‌ಗೆ ಕಳಿಸಿದೆ. ನೀಲಿ ಟಿಕ್ ಬಿದ್ದು ಹನ್ನೊಂದು ದಿನ ಆಯಿತು.