ಚಿಕ್ಕ ತಪ್ಪು, ದೊಡ್ಡ ಗೊಂದಲ: ಟರ್ಬೊ ಸಿ, ಜಿಸಿಸಿ, ಕ್ಲ್ಯಾಂಗ್

ರಾಯಚೂರಿನಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಸಿ ಭಾಷೆ ಕಲಿಸುವಾಗ ನಾನು ಮತ್ತೆ ಮತ್ತೆ ಕಾಣುವುದೇನೆಂದರೆ, ಮಾನ್ವಿ, ಸಿಂಧನೂರು, ಲಿಂಗಸುಗೂರು ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಪ್ರೋಗ್ರಾಮಿನ ತರ್ಕವನ್ನು ಬೇಗ ಹಿಡಿದರೂ ಎರರ್ ಸಂದೇಶದ ಮುಂದೆ ತಡವರಿಸುತ್ತಾರೆ. ಅದಕ್ಕಾಗಿ ಅವರು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನು ಬೇಕೆಂದೇ ಬರೆದು, ಟರ್ಬೊ ಸಿ, ಜಿಸಿಸಿ, ಕ್ಲ್ಯಾಂಗ್ ಎಂಬ ಮೂರು ಕಂಪೈಲರ್‌ಗಳಲ್ಲೂ (ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ, ತಪ್ಪಿದ್ದರೆ ಎರರ್ ತೋರಿಸುವ ತಂತ್ರಾಂಶಗಳು) ಕಂಪೈಲ್ ಮಾಡಿ ನೋಡಿದೆ.

ಪರದೆಯ ಮೇಲೆ ಬರೆಸುವ ಪ್ರಿಂಟ್‌ಎಫ್ ಸಾಲಿನ ಕೊನೆಗೆ ಸೆಮಿಕೋಲನ್ ಹಾಕದೆ ಬಿಟ್ಟರೆ ಟರ್ಬೊ ಸಿ ಮುಂದಿನ ಸಾಲಿಗೆ ಬೊಟ್ಟು ಮಾಡುತ್ತದೆ. ಜಿಸಿಸಿ, 2018ರಲ್ಲಿ ಬಂದ 8ನೇ ಆವೃತ್ತಿಯಿಂದೀಚೆಗೆ, ಕ್ಲ್ಯಾಂಗ್‌ನಂತೆಯೇ ಸೆಮಿಕೋಲನ್ ಇರಬೇಕಿದ್ದ ಜಾಗವನ್ನೇ ತೋರಿಸುತ್ತದೆ.

ಹೆಡರ್ ಫೈಲಿನಲ್ಲಿ (ಬೇರೆ ಫೈಲಿಗೆ ಸೇರಿಸಿಕೊಳ್ಳಲು ಬರೆದಿಟ್ಟ ಫೈಲು) ಸ್ಟ್ರಕ್ಟ್‌ನ, ಅಂದರೆ ಹಲವು ಮಾಹಿತಿಗಳನ್ನು ಒಟ್ಟಿಗೆ ಕಟ್ಟುವ ರಚನೆಯ, ಮುಚ್ಚುವ ಆವರಣದ (}) ನಂತರ ಸೆಮಿಕೋಲನ್ ಹಾಕದೆ ಬಿಟ್ಟು, ಮೇನ್ ಫೈಲಿನಲ್ಲಿ ಆ ಹೆಡರ್ ಇನ್‌ಕ್ಲೂಡ್ ಆದ (ಸೇರಿಕೊಂಡ) ಕೂಡಲೇ ಪ್ರೋಗ್ರಾಮಿನ ಮುಖ್ಯ ಭಾಗ ಶುರುವಾಗುವ 'ಇಂಟ್ ಮೇನ್' ಬಂದರೆ, ಟರ್ಬೊ ಸಿ 'ಟೂ ಮೆನಿ ಟೈಪ್ಸ್ ಇನ್ ಡಿಕ್ಲರೇಷನ್' (ಒಂದೇ ಘೋಷಣೆಯಲ್ಲಿ ಟೈಪುಗಳು ಹೆಚ್ಚಾದವು) ಎನ್ನುತ್ತದೆ. ಜಿಸಿಸಿ 'ಇಂಟ್' ಪದದ ಮುಂಚೆ ಏನೋ ಬೇಕಿತ್ತು ಎಂದು ಮೇನ್ ಫೈಲಿನತ್ತಲೇ ಕೈ ತೋರಿಸುತ್ತದೆ. ವಿದ್ಯಾರ್ಥಿ ಸರಿಯಾಗಿರುವ ಸಾಲನ್ನೇ ತಿದ್ದುತ್ತಾ ಕೂರುತ್ತಾನೆ. ಕ್ಲ್ಯಾಂಗ್ ಮಾತ್ರ ಹೆಡರ್ ಫೈಲಿನ ಹೆಸರು ಹೇಳಿ, ಸ್ಟ್ರಕ್ಟ್ ನಂತರ ಸೆಮಿಕೋಲನ್ ಬೇಕೆಂದು ನೇರವಾಗಿ ತಿಳಿಸುತ್ತದೆ.

ಒಂದು ಫಂಕ್ಷನ್ನಿನ (ಒಂದು ಕೆಲಸಕ್ಕೆಂದು ಹೆಸರಿಟ್ಟು ಬರೆದ ಪ್ರೋಗ್ರಾಮಿನ ತುಂಡು) ಮುಚ್ಚುವ ಆವರಣ ಹಾಕದೆ ಬಿಟ್ಟಾಗ ಈ ಅಂತರ ಇನ್ನೂ ಹೆಚ್ಚುತ್ತದೆ. ಫಂಕ್ಷನ್ನಿನ ಒಳಗೆ ಫಂಕ್ಷನ್ ಬರೆಯಲು ಜಿಸಿಸಿ ತನ್ನದೇ ವಿಸ್ತರಣೆಯಾಗಿ ಅವಕಾಶ ಕೊಟ್ಟಿರುವುದರಿಂದ, ಮುಂದಿನ ಫಂಕ್ಷನ್ನುಗಳನ್ನೆಲ್ಲ ತಕರಾರಿಲ್ಲದೆ ಒಳಗೆ ಸೇರಿಸಿಕೊಂಡು, ಫೈಲು ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ದೂರುತ್ತದೆ. ಕ್ಲ್ಯಾಂಗ್ ಮುಂದಿನ ಫಂಕ್ಷನ್ ಶುರುವಾಗುವಲ್ಲೇ 'ಇಲ್ಲಿ ಫಂಕ್ಷನ್ ಬರೆಯುವಂತಿಲ್ಲ' ಎಂದು ತಡೆಯುತ್ತದೆ ಮತ್ತು ಜೊತೆಯಿಲ್ಲದೆ ಉಳಿದ ತೆರೆಯುವ ಆವರಣವನ್ನೂ ತೋರಿಸುತ್ತದೆ. ಉದ್ದನೆಯ ಪ್ರೋಗ್ರಾಮಿನಲ್ಲಿ ಇದೊಂದೇ ಎಷ್ಟೋ ಹೊತ್ತನ್ನು ಉಳಿಸುತ್ತದೆ.

'ಇಫ್' (ಹೀಗಿದ್ದರೆ) ಷರತ್ತಿನ ಬೆನ್ನಿಗೇ ಸೆಮಿಕೋಲನ್ ಹಾಕಿ ಅದನ್ನು ಅಲ್ಲಿಗೇ ಮುಗಿಸಿ, ಮಾಡಬೇಕಾದ ಕೆಲಸವನ್ನೂ 'ಎಲ್ಸ್' (ಇಲ್ಲದಿದ್ದರೆ) ಅನ್ನೂ ಕೆಳಗೆ ಬರೆದಾಗ ಮಾತ್ರ ಜಿಸಿಸಿಯ ಎರರ್ ಮೇಲು: ಈ 'ಎಲ್ಸ್'ಗೆ ಮುಂಚೆ 'ಇಫ್' ಇಲ್ಲ ಎನ್ನುತ್ತದೆ. ಟರ್ಬೊ ಸಿಯ 'ಮಿಸ್‌ಪ್ಲೇಸ್ಡ್ ಎಲ್ಸ್' ಕೂಡ ಪರವಾಗಿಲ್ಲ. ಕ್ಲ್ಯಾಂಗ್‌ನ 'ಎಕ್ಸ್‌ಪೆಕ್ಟೆಡ್ ಎಕ್ಸ್‌ಪ್ರೆಷನ್' ಹೊಸಬರಿಗೆ ಏನನ್ನೂ ತಿಳಿಸದು. ಆದರೆ ಅದರ ಮೇಲೆಯೇ 'ಇಫ್'ನ ಒಡಲು ಖಾಲಿಯಿದೆ ಎಂಬ ಎಚ್ಚರಿಕೆಯನ್ನು ಅದು ಕೇಳದೆಯೇ ಕೊಟ್ಟಿರುತ್ತದೆ.

ಕಲಿಯುವವರ ಲ್ಯಾಬ್‌ಗೆ ನನ್ನ ಆಯ್ಕೆ ಕ್ಲ್ಯಾಂಗ್. ಟರ್ಬೊ ಸಿಯನ್ನು ಇನ್ನೂ ಮುಂದುವರಿಸುವುದು ಮಕ್ಕಳಿಗೆ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಜಿಸಿಸಿಯನ್ನೇ ಬಳಸಬೇಕಾದಲ್ಲಿ ಎಕ್ಸ್‌ಟ್ರಾ, ಪೆಡಾಂಟಿಕ್ ಎಂಬ ಎರಡು ಎಚ್ಚರಿಕೆಯ ಆಯ್ಕೆಗಳನ್ನು ಸೇರಿಸಿ ಕಂಪೈಲ್ ಮಾಡಬೇಕು: ಮೊದಲನೆಯದು ಖಾಲಿ 'ಇಫ್' ಅನ್ನು, ಎರಡನೆಯದು ಫಂಕ್ಷನ್ನಿನೊಳಗೆ ಸಿಲುಕಿದ ಫಂಕ್ಷನ್ನನ್ನು ಅದರದೇ ಸಾಲಿನಲ್ಲಿ ತೋರಿಸಿಕೊಡುತ್ತದೆ.